ಮಗಳ ಮೊಬೈಲ್ ರಂಪ ನಿಂತಿದ್ದು ಹೀಗೆ

ರಾತ್ರಿ ಮೊಬೈಲ್ ಕಿತ್ತುಕೊಂಡರೆ ಮಗಳದು ಅಳು, ರಂಪ. ಪಕ್ಕದಲ್ಲಿ ಕೂತು ನೋಡಿದಾಗ ಕಾರಣ ಗೊತ್ತಾಯಿತು. ಒಂದು ವಿಡಿಯೊ ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿಯೇ ಶುರುವಾಗುತ್ತಿತ್ತು. ಸಾಕು ಅನ್ನೋಕೆ ಮಗುವಿಗೆ ಬಿಡುವೇ ಇರಲಿಲ್ಲ. ಆಟೋಪ್ಲೇ ಆಫ್ ಮಾಡಿದೆ. ಅರ್ಧ ಜಗಳ ಅಲ್ಲೇ ಮುಗಿಯಿತು.

ಆಮೇಲೆ ಅವಳು ನೋಡುವ ಹಳೇ ಮೊಬೈಲಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ (ಮಕ್ಕಳ ಫೋನ್ ಬಳಕೆಗೆ ಹೆತ್ತವರು ಮಿತಿ ಹಾಕುವ ಆ್ಯಪ್) ಮೂಲಕ ಮಕ್ಕಳ ಖಾತೆ ಹಾಕಿದೆ. ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಸಮಯ ಇಡಬಹುದು. ಮಲಗುವ ಹೊತ್ತಿಗೆ ಫೋನ್ ತಾನೇ ಲಾಕ್ ಆಗುತ್ತದೆ. ಹೊಸ ಆ್ಯಪ್ ಬೇಕೆಂದರೆ ನಮ್ಮ ಒಪ್ಪಿಗೆ ಕೇಳುತ್ತದೆ.

ಆದರೆ ಸಮಯ ಎಷ್ಟು ಅನ್ನೋದನ್ನು ಅವಳ ಜೊತೆ ಕೂತೇ ಗೊತ್ತುಮಾಡಿದೆವು. ನನ್ನ ಪ್ರಕಾರ ಇದೇ ಮುಖ್ಯ. ಸುಮ್ನೆ ಲಾಕ್ ಹಾಕಿದರೆ ಮಕ್ಕಳು ಅಜ್ಜಿಯ ಫೋನ್ ಹುಡುಕುತ್ತಾರೆ, ಅಲ್ವಾ? ಊಟದ ಹೊತ್ತಲ್ಲಿ ನಮ್ಮ ಫೋನುಗಳೂ ದೂರ. ರಜೆಯಲ್ಲಿ ಜಾಸ್ತಿ ಹೊತ್ತು ಬೇಕಾದರೆ ನಮ್ಮ ಫೋನಿನಿಂದಲೇ ಬೋನಸ್ ಸಮಯ ಕೊಡಬಹುದು.