ಕತ್ತರಿಸಿದ ತುಂಡು ಎಲ್ಲಿ ಹೋಯಿತು? ಯೀಸ್ಟ್ ಕೋಶದೊಳಗೆ ನಾನು ಹುಡುಕಿದ ಒಂದು ಬ್ಯಾಂಡ್

ಎಂಟು ತಿಂಗಳು ನಾನು ಒಂದೇ ಒಂದು ಬ್ಯಾಂಡ್ ಹುಡುಕಿದೆ. ವೆಸ್ಟರ್ನ್ ಬ್ಲಾಟಿನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಜೆಲ್ಲಿನಲ್ಲಿ ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿ ಬಳಸಿ ಫಿಲ್ಮಿನ ಮೇಲೆ ಗೆರೆಯಾಗಿ ನೋಡುವ ವಿಧಾನ), ದಪ್ಪ ಗೆರೆಯ ಕೆಳಗೆ, ಒಂದು ಸಣ್ಣ ಗೆರೆ. ಅದು ಅಲ್ಲಿ ಇರಲೇಬೇಕಿತ್ತು. ಓದಿದ ಪೇಪರುಗಳಲ್ಲೆಲ್ಲ ಇತ್ತು. ನನ್ನ ಫಿಲ್ಮಿನ ಮೇಲೆ ಮಾತ್ರ ಇರಲಿಲ್ಲ.

ಮೊದಲು ಕಥೆ ಏನು ಅಂತ ಹೇಳಿಬಿಡುತ್ತೇನೆ. ಬ್ರೆಡ್ ಉಬ್ಬಿಸುವ ಯೀಸ್ಟ್ ಇದೆಯಲ್ಲ, ಅದರ ಕೋಶದಲ್ಲಿ 16 ಕ್ರೋಮೋಸೋಮ್‌ಗಳಿವೆ. ಕೋಶ ಎರಡಾಗುವ ಮೊದಲು ಪ್ರತಿಯೊಂದಕ್ಕೂ ಒಂದು ನಕಲು ತಯಾರಾಗುತ್ತದೆ. ನಕಲು ತಯಾರಾದ ಕೂಡಲೇ ಎರಡೂ ಬೇರೆಯಾಗಿಬಿಟ್ಟರೆ ಕೆಲಸ ಕೆಟ್ಟಿತು. ಯಾರದ್ದು ಯಾವ ಕಡೆಗೆ ಅನ್ನುವ ಲೆಕ್ಕವೇ ತಪ್ಪಿಹೋಗುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಒಂದು ಬಳೆ ತೊಡಿಸಿರುತ್ತದೆ. ಆ ಬಳೆಯ ಹೆಸರು ಕೋಹೆಸಿನ್. ಎಸ್‌ಎಂಸಿ1, ಎಸ್‌ಎಂಸಿ3, ಎಸ್‌ಸಿಸಿ1 ಎಂಬ ಮೂರು ಪ್ರೋಟೀನ್ ಸೇರಿ ಆ ಬಳೆ ಆಗುತ್ತದೆ. ಬಿಡಿಸುವ ಸಮಯ ಬಂದಾಗ ಸೆಪರೇಸ್ ಎಂಬ ಕತ್ತರಿ ಎಸ್‌ಸಿಸಿ1 ಅನ್ನು ಕತ್ತರಿಸುತ್ತದೆ. ಬಳೆ ಒಡೆಯಿತು, ಜೋಡಿ ಬಿಟ್ಟಿತು.

ಹಾಗಾದರೆ ಕತ್ತರಿ ಮೊದಲೇ ಯಾಕೆ ಕೆಲಸ ಶುರು ಮಾಡುವುದಿಲ್ಲ? ಪಿಡಿಎಸ್1 ಎಂಬ ಪ್ರೋಟೀನ್ ಅದನ್ನು ಹಿಡಿದುಕೊಂಡಿರುತ್ತದೆ. ಇದಕ್ಕೇ ಸೆಕ್ಯುರಿನ್ ಅನ್ನುವುದು. ಸಿಡಿಸಿ20 ಬಂದು ಎಪಿಸಿ ಎಂಬ ದೊಡ್ಡ ಪ್ರೋಟೀನ್ ಗುಂಪನ್ನು ಎಬ್ಬಿಸಿದಾಗ ಪಿಡಿಎಸ್1 ಮೇಲೆ ಯುಬಿಕ್ವಿಟಿನ್ ಎಂಬ 'ಇದನ್ನು ನಾಶಮಾಡಿ' ಅನ್ನುವ ಗುರುತು ಬೀಳುತ್ತದೆ. ಪ್ರೋಟೀನ್ ಚೂರು ಮಾಡುವ ಯಂತ್ರವಾದ ಪ್ರೋಟಿಯಾಸೋಮ್ ಅದನ್ನು ನುಂಗುತ್ತದೆ. ಯಾರೂ ಕತ್ತರಿಗೆ 'ಕತ್ತರಿಸು' ಅನ್ನುವುದಿಲ್ಲ ನೋಡಿ. ಕೈ ಹಿಡಿದಿದ್ದವರನ್ನು ಇಲ್ಲವಾಗಿಸುತ್ತಾರೆ ಅಷ್ಟೇ. ನನಗೆ ಈ ವಿಷಯ ಹಿಡಿಸಿದ್ದೇ ಇದಕ್ಕೆ. (ಪಿಡಿಎಸ್1 ಬರೀ ತಡೆಗಾರನೂ ಅಲ್ಲ. ಕತ್ತರಿ ನ್ಯೂಕ್ಲಿಯಸ್ ಒಳಗೆ ಸೇರಲು ಅದೇ ಸಹಾಯ ಮಾಡುತ್ತದೆ.)

ಎಸ್‌ಸಿಸಿ1 ಕತ್ತರಿಸಲ್ಪಡುತ್ತದೆ ಅಂತ 1999ರಲ್ಲಿ ವಿಯೆನ್ನಾದಲ್ಲಿ ಫ್ರಾಂಕ್ ಊಲ್ಮನ್, ಕಿಮ್ ನಾಸ್ಮಿತ್ ಮತ್ತು ಜೊತೆಗಾರರು ತೋರಿಸಿದ್ದರು. ನನ್ನ ಕೆಲಸ ಹೊಸದೇನಲ್ಲ. ನಮ್ಮ ಲ್ಯಾಬಿನ ತಳಿಯಲ್ಲಿ ಅದನ್ನೇ ಮತ್ತೆ ಕಂಡು, ಆಮೇಲೆ ನನ್ನ ಮ್ಯುಟೆಂಟ್‌ಗಳ (ಜೀನ್ ಬದಲಾದ ತಳಿಗಳ) ಕಡೆ ಹೋಗಬೇಕಿತ್ತು. ಎರಡು ವಾರದ ಕೆಲಸ ಅಂದುಕೊಂಡಿದ್ದೆ.

ತಳಿಯಲ್ಲಿ ಎರಡು ಗುರುತುಗಳಿದ್ದವು. ಎಸ್‌ಸಿಸಿ1ರ ಬಾಲಕ್ಕೆ ಎಚ್‌ಎ ಟ್ಯಾಗ್ (ಆಂಟಿಬಾಡಿ ಹಿಡಿಯುವ ಸಣ್ಣ ತುಣುಕು), ಬ್ಲಾಟಿನಲ್ಲಿ ನೋಡಲು. ಐದನೇ ಕ್ರೋಮೋಸೋಮಿನ ಮೇಲೆ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನಿನ ಚುಕ್ಕೆ, ಮೈಕ್ರೋಸ್ಕೋಪಿನಲ್ಲಿ ನೋಡಲು. ಜೋಡಿ ಅಂಟಿಕೊಂಡಿದ್ದರೆ ಒಂದೇ ಹಸಿರು ಚುಕ್ಕೆ, ಬಿಟ್ಟರೆ ಎರಡು. ಸುಲಭ ಅಲ್ವಾ? ಅಲ್ಲ. ಮೊದಲು ನಾನು ತೆಗೆದುಕೊಂಡ ತಳಿಯಲ್ಲಿ ಚುಕ್ಕೆ ಸೆಂಟ್ರೊಮಿಯರ್ (ಕ್ರೋಮೋಸೋಮನ್ನು ಎಳೆಯಲು ಹಿಡಿಯುವ ಜಾಗ) ಪಕ್ಕದಲ್ಲೇ ಇತ್ತು. ಅಲ್ಲಿ ಮೈಕ್ರೋಟ್ಯೂಬ್ಯೂಲ್ ಎಂಬ ದಾರಗಳು ಎರಡೂ ಕಡೆಯಿಂದ ಎಷ್ಟು ಎಳೆಯುತ್ತವೆ ಅಂದರೆ, ಬಳೆ ಗಟ್ಟಿಯಾಗಿದ್ದಾಗಲೂ ಚುಕ್ಕೆ ಎರಡಾಗಿ ಕಾಣುತ್ತದೆ, ಮತ್ತೆ ಒಂದಾಗುತ್ತದೆ. 'ಮೆಟಾಫೇಸಿನಲ್ಲೇ ಜೋಡಿ ಬಿಟ್ಟಿದೆ' (ಮೆಟಾಫೇಸ್ ಅಂದರೆ ಜೋಡಿ ಬಿಡುವ ಮುಂಚಿನ ಹಂತ) ಅಂತ ಖುಷಿಯಿಂದ ಓಡಿ ಹೋಗಿ ಗೈಡ್‌ಗೆ ಹೇಳಿದ್ದೆ. ಅವರು ನಕ್ಕು, "ಚುಕ್ಕೆ ಎಲ್ಲಿ ಕೂರಿಸಿದ್ದೀರಿ, ನೋಡಿ ಬನ್ನಿ" ಅಂದರು. ಮರುದಿನವೇ ಸೆಂಟ್ರೊಮಿಯರ್‌ನಿಂದ ದೂರ, ತೋಳಿನ ಮೇಲೆ ಚುಕ್ಕೆ ಇರುವ ತಳಿಗೆ ಬದಲಾಯಿಸಿದೆ.

ಇನ್ನು ಬ್ಲಾಟ್. ಕೋಶಗಳನ್ನೆಲ್ಲ ಒಂದೇ ಹೆಜ್ಜೆಗೆ ತರಲು ಆಲ್ಫಾ ಫ್ಯಾಕ್ಟರ್ ಹಾಕಿದೆ. ಅದು 13 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್, ಯೀಸ್ಟಿನದೇ ಫೆರೊಮೋನ್. ಕೋಶಗಳು ಜಿ1ನಲ್ಲಿ, ಅಂದರೆ ನಕಲು ಶುರುವಾಗುವ ಮೊದಲಿನ ಹಂತದಲ್ಲಿ ನಿಂತು, ಒಂದು ಕಡೆಗೆ ಮೂತಿ ಚಾಚಿಕೊಂಡು ಕೂರುತ್ತವೆ. ನೋಡಲು ಮುದ್ದಾಗಿರುತ್ತವೆ. ತೊಳೆದು ಬಿಟ್ಟು, 15 ನಿಮಿಷಕ್ಕೊಂದು ಸ್ಯಾಂಪಲ್ ತೆಗೆದೆ. ಚುಕ್ಕೆ ಎರಡಾಯಿತು. ಪೂರ್ತಿ ಉದ್ದದ ಎಸ್‌ಸಿಸಿ1 ಸ್ವಲ್ಪ ಕಡಿಮೆಯಾಯಿತು. ತುಂಡು ಮಾತ್ರ ಇಲ್ಲ.

ಆಂಟಿಬಾಡಿ ಬದಲಾಯಿಸಿದೆ. ಜೆಲ್ಲಿನ ಶೇಕಡಾವಾರು ಬದಲಾಯಿಸಿದೆ. ಪ್ರೋಟೀನ್ ಜಾಸ್ತಿ ಲೋಡ್ ಮಾಡಿದೆ. ಫಿಲ್ಮನ್ನು ರಾತ್ರಿಯಿಡೀ ಬಿಟ್ಟೆ, ಹಿನ್ನೆಲೆ ಕಪ್ಪಾಯಿತು ಅಷ್ಟೇ. ಆಮೇಲೆ ಸುಮ್ನೆ ಕೂತು ಯೋಚನೆ ಮಾಡಿದೆ. ಇದನ್ನು ಮೊದಲೇ ಮಾಡಬೇಕಿತ್ತು.

ಎರಡು ವಿಷಯ ಹೊಳೆದವು. ಒಂದು: ಆಲ್ಫಾ ಫ್ಯಾಕ್ಟರ್ ತೆಗೆದಮೇಲೆ ಕೋಶಗಳು ಅನಾಫೇಸಿಗೆ (ಜೋಡಿ ಬೇರೆಯಾಗುವ ಹಂತಕ್ಕೆ) ಬರಲು ಒಂದು ಗಂಟೆಗೂ ಜಾಸ್ತಿ ಬೇಕು. ಅಷ್ಟರಲ್ಲಿ ಮುಂದಿನವರು ಮುಂದೆ, ಹಿಂದಿನವರು ಹಿಂದೆ. ಒಂದು ಕ್ಷಣದಲ್ಲಿ ಕತ್ತರಿಸುತ್ತಿರುವ ಕೋಶಗಳು ಬಹಳ ಕಡಿಮೆ. ಎರಡು: ಕತ್ತರಿಸಿದ ಮೇಲೆ ಬಾಲದ ತುಂಡಿನ ತುದಿಯಲ್ಲಿ ಒಂದು ಆರ್ಜಿನಿನ್ ಉಳಿಯುತ್ತದೆ. ಯೀಸ್ಟಿನಲ್ಲಿ ಹಾಗೆ ಆರ್ಜಿನಿನ್‌ನಿಂದ ಶುರುವಾಗುವ ಪ್ರೋಟೀನ್ ಬಾಳುವುದಿಲ್ಲ. ಯುಬಿಆರ್1 ಎಂಬ ಪ್ರೋಟೀನ್ ಅದನ್ನು ಗುರುತಿಸಿ ಪ್ರೋಟಿಯಾಸೋಮಿಗೆ ತಳ್ಳುತ್ತದೆ. ಎನ್-ಎಂಡ್ ನಿಯಮ ಅಂತ ಪರೀಕ್ಷೆಗೆ ಓದಿದ್ದೆ. ಅದು ನನ್ನ ಟ್ಯೂಬಿನೊಳಗೆ ನಡೆಯುತ್ತಿದೆ ಅಂತ ಹೊಳೆದಿರಲಿಲ್ಲ. ನಾನು ಹುಡುಕುತ್ತಿದ್ದ ಸಾಕ್ಷಿಯನ್ನು ಕೋಶವೇ ತಿಂದುಹಾಕುತ್ತಿತ್ತು.

ಹಾಗಾಗಿ ಮೆಟಾಫೇಸಿನಲ್ಲೇ ಎಲ್ಲವನ್ನೂ ನಿಲ್ಲಿಸಬೇಕು. ಸಿಡಿಸಿ20 ಅನ್ನು ಎಂಇಟಿ3 ಪ್ರಮೋಟರಿನ (ಜೀನಿನ ಸ್ವಿಚ್ಚಿನ) ಕೆಳಗೆ ಇಟ್ಟ ತಳಿ ಲ್ಯಾಬಿನಲ್ಲಿತ್ತು. ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಕೊಟ್ಟರೆ ಸಿಡಿಸಿ20 ತಯಾರಾಗುವುದಿಲ್ಲ, ಕೋಶ ಮೆಟಾಫೇಸಿನಲ್ಲಿ ನಿಲ್ಲುತ್ತದೆ. ತೆಗೆದರೆ ಮುಂದೆ ಹೋಗುತ್ತದೆ. ಫ್ರೀಜರಿನಿಂದ ತೆಗೆದು ಎಂದಿನಂತೆ ವೈಪಿಡಿ (ಯೀಸ್ಟ್ ಬೆಳೆಸುವ ಸಾಮಾನ್ಯ ಆಹಾರ) ಪ್ಲೇಟಿನ ಮೇಲೆ ಗೀರಿದೆ. ವೈಪಿಡಿಯ ಪೆಪ್ಟೋನಿನಲ್ಲೇ ಮೆಥಿಯೋನಿನ್ ಇದೆ ಅನ್ನುವುದು ತಲೆಗೆ ಬರಲಿಲ್ಲ! ಮೂರು ದಿನಕ್ಕೆ ನಾಲ್ಕೇ ಕಾಲೊನಿ. ಅವು ತಳಿಯ ಗುಣ ಕಳೆದುಕೊಂಡು ಬದುಕಿದ ಕಳ್ಳರು. ಅವುಗಳನ್ನೇ ಬೆಳೆಸಿ ಇನ್ನೊಂದು ವಾರ ಹಾಳು ಮಾಡಿದೆ.

ಕೊನೆಗೆ ಸರಿಯಾದದ್ದು ಹೀಗೆ. ರಾತ್ರಿ ಮೆಥಿಯೋನಿನ್ ಇಲ್ಲದ ಮೀಡಿಯಮ್. ಬೆಳಿಗ್ಗೆ 2 ಮಿಲಿಮೋಲಾರ್ ಮೆಥಿಯೋನಿನ್. ಹೆಚ್ಚುಕಡಿಮೆ ಎಲ್ಲ ಕೋಶಗಳೂ ದೊಡ್ಡ ಮೊಗ್ಗು ಇಟ್ಟುಕೊಂಡು, ಒಂದೇ ಚುಕ್ಕೆಯೊಂದಿಗೆ ನಿಂತವು. ಸೆಂಟ್ರಿಫ್ಯೂಜ್ ಬಿಟ್ಟು ಫಿಲ್ಟರಿನ ಮೇಲೆ ತೊಳೆದೆ, ಎರಡೇ ನಿಮಿಷ. ಆಮೇಲೆ 3 ನಿಮಿಷಕ್ಕೊಂದು ಸ್ಯಾಂಪಲ್, ನೇರವಾಗಿ ತಣ್ಣನೆಯ ಟಿಸಿಎ ಎಂಬ ಆಮ್ಲಕ್ಕೆ. ಟಿಸಿಎ ಬಿದ್ದ ಕ್ಷಣವೇ ಪ್ರೋಟೀನ್‌ಗಳೆಲ್ಲ ನಿಷ್ಕ್ರಿಯ, ಪ್ರೋಟೀನ್ ಕತ್ತರಿಸುವ ಯಾವ ಪ್ರೋಟಿಯೇಸೂ ಆಮೇಲೆ ಕೈಯಾಡಿಸುವುದಿಲ್ಲ. ಹಿಂದೆ ಕೋಶಗಳನ್ನು ತೊಳೆದು, ಬಫರಿನಲ್ಲಿ ನಿಧಾನವಾಗಿ ಒಡೆಯುತ್ತಿದ್ದೆ. ತುಂಡು ಉಳಿದೀತಾದರೂ ಹೇಗೆ!

ಫಿಲ್ಮ್ ತೊಳೆದಾಗ 12ನೇ ನಿಮಿಷದ ಲೇನಿನಲ್ಲಿ ಗೆರೆ ಇತ್ತು. 15ರಲ್ಲಿ ಇನ್ನೂ ಗಾಢ. 24ರಲ್ಲಿ ಮಾಯ. ಪಿಡಿಎಸ್1 ಅದಕ್ಕೂ ಸ್ವಲ್ಪ ಮೊದಲೇ ಮಸುಕಾಗಿತ್ತು, ಚುಕ್ಕೆಗಳು ತುಂಡಿನ ಹಿಂದೆಯೇ ಬೇರೆಯಾಗಿದ್ದವು. ತಡೆ ಹೋಯಿತು, ಕತ್ತರಿ ಬಿತ್ತು, ಜೋಡಿ ಬಿಟ್ಟಿತು: ಮೂರೂ ಅದೇ ಸಾಲಿನಲ್ಲಿ.

ಗೈಡ್ ಅಷ್ಟಕ್ಕೆ ಬಿಡಲಿಲ್ಲ. "ಕೋಶ ಬೇಡ ಅಂದಾಗ ಕತ್ತರಿ ನಿಲ್ಲುತ್ತದೆ ಅಂತಲೂ ತೋರಿಸಿ" ಅಂದರು. ನೊಕೊಡಜೋಲ್ ಎಂಬ ರಾಸಾಯನಿಕ ಹಾಕಿದೆ. ಮೈಕ್ರೋಟ್ಯೂಬ್ಯೂಲ್‌ಗಳು ಬಿಚ್ಚಿಹೋಗುತ್ತವೆ, ಕ್ರೋಮೋಸೋಮ್ ಹಿಡಿಯಲು ದಾರವೇ ಇಲ್ಲ. ಸಾಮಾನ್ಯ ತಳಿಯಲ್ಲಿ ಮ್ಯಾಡ್2 ಎಂಬ ಕಾವಲು ಪ್ರೋಟೀನ್ ಹೋಗಿ ಸಿಡಿಸಿ20 ಅನ್ನು ಹಿಡಿದು ಕೂರುತ್ತದೆ. ಎರಡು ಗಂಟೆಯಾದರೂ ಒಂದೇ ಚುಕ್ಕೆ, ಪಿಡಿಎಸ್1 ಹಾಗೇ ಇದೆ, ತುಂಡಿಲ್ಲ. ಮ್ಯಾಡ್2 ತೆಗೆದ ತಳಿ ಮಾತ್ರ ಕಾಯಲೇ ಇಲ್ಲ. ಎಳೆಯುವ ದಾರವಿಲ್ಲದಿದ್ದರೂ ಬಳೆ ಒಡೆಯಿತು. ಎರಡು ಚುಕ್ಕೆಗಳು ಒಂದೇ ಕೋಶದೊಳಗೆ, ಎಲ್ಲಿಗೂ ಹೋಗಲಾಗದೆ, ಅಕ್ಕಪಕ್ಕ ತೇಲುತ್ತಿದ್ದವು. ಅವುಗಳನ್ನು ತೊಳೆದು ಪ್ಲೇಟಿಗೆ ಹಾಕಿದರೆ ಕಾಲೊನಿ ಬಂದದ್ದು ಬಹಳ ಕಡಿಮೆ. ಇಡೀ ಕೆಲಸದಲ್ಲಿ ನನಗೆ ಮರೆಯಲಾಗದ ಚಿತ್ರ ಅದು. ಬಿಡಿಸುವುದೇ ಬೇರೆ, ಎಳೆಯುವುದೇ ಬೇರೆ ಅಂತ ಓದಿ ಗೊತ್ತಿತ್ತು, ನೋಡಿದ್ದು ಅಂದೇ.

ಕೊನೆಗೊಂದು ಕುತೂಹಲಕ್ಕೆ ಯುಬಿಆರ್1 ಇಲ್ಲದ ತಳಿಯಲ್ಲೂ ಅದೇ ಪ್ರಯೋಗ ಮಾಡಿದೆ. ತುಂಡನ್ನು ತಿನ್ನುವವರಿಲ್ಲ. 24ನೇ ನಿಮಿಷ, 30, 40, ಎಲ್ಲ ಲೇನಿನಲ್ಲೂ ಗೆರೆ ಕಪ್ಪಗೆ ಕೂತಿತ್ತು. ಎಂಟು ತಿಂಗಳು ಕಣ್ಣಾಮುಚ್ಚಾಲೆ ಆಡಿದ್ದು ಈಗ ಹೋಗಲೊಲ್ಲದು. ಕೋಶಕ್ಕೆ ಇದು ಒಳ್ಳೆಯದಲ್ಲ. ತುಂಡು ಉಳಿದುಕೊಂಡ ಇಂಥ ತಳಿ ತನ್ನ ಕ್ರೋಮೋಸೋಮ್‌ಗಳನ್ನು ಸಾಮಾನ್ಯಕ್ಕಿಂತ ಎಷ್ಟೋ ಜಾಸ್ತಿ ಕಳೆದುಕೊಳ್ಳುತ್ತದೆ. ಆ ಫಿಲ್ಮನ್ನು ನನ್ನ ಬೆಂಚಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ.