ಏವುಮ್: ನಿಘಂಟು ಮುಚ್ಚಿಟ್ಟ ಮೇಲೆ ದಕ್ಕಿದ ಅರ್ಥ

ಕಾಲಕ್ಕೂ ನಿತ್ಯತೆಗೂ ನಡುವಿನ ಅಳತೆಯನ್ನು ಹೇಳುವ ‘ಏವುಮ್’ ಎಂಬ ಒಂದೇ ಲ್ಯಾಟಿನ್ ಪದಕ್ಕೆ ಚೀಟಿ ಬರೆಯಲು ಕುಳಿತಾಗ ನಮ್ಮ ಬಳಗದ ಹೆಚ್ಚಿನವರು ತಲೆಯಾಡಿಸಿದರು. ನನಗೆ ಲ್ಯಾಟಿನ್ ಕಲಿಸಿದ ಫಾದರ್ ಕೂಡ, “ನಿಘಂಟು ತೆರೆದರೆ ಮುಗಿಯುವ ಕೆಲಸಕ್ಕೆ ಇಷ್ಟೊಂದು ಕಾಗದ ಯಾಕಪ್ಪಾ?” ಎಂದರು. ಈಗ ನಾನು ಕನ್ನಡಿಸುತ್ತಿರುವ, 13ನೇ ಶತಮಾನದ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸರ ಮಹಾಗ್ರಂಥ ಸುಮ್ಮಾದ ಮೊದಲ ಭಾಗದ 10ನೇ ಪ್ರಶ್ನೆ, 5ನೇ ವಿಭಾಗದವರೆಗೆ, ಕನ್ನಡದಲ್ಲಿ ಎಲ್ಲಿಯೂ ಎಡವದೆ ಓದಿಸಿಕೊಳ್ಳುತ್ತಿದೆ. ಚೀಟಿಗಳ ಜೆರಾಕ್ಸ್ ಪ್ರತಿಯನ್ನು ಅದೇ ಫಾದರ್ ಕೇಳಿ ಪಡೆದಿದ್ದಾರೆ. ಅದಕ್ಕೇ ಈ ಬರಹ.

ಮೊದಲು ದುಡ್ಡು ಹೋದ ಕಥೆ. ಲೂಯಿಸ್ ಮತ್ತು ಶಾರ್ಟ್ ಅವರ ಲ್ಯಾಟಿನ್-ಇಂಗ್ಲಿಷ್ ನಿಘಂಟಿನ ಹಳೆಯ ಪ್ರತಿಗೆ ಅಂಚೆ ವೆಚ್ಚ ಸೇರಿ ಏಳು ಸಾವಿರದ ಹತ್ತಿರ ಬಿತ್ತು. ಆಯುಷ್ಯ, ವಯಸ್ಸು, ತಲೆಮಾರು, ಕಾಲ ಎಂದೆಲ್ಲ ಅರ್ಥ ಕೊಡುತ್ತದೆ. ಪ್ರಾಚೀನ ರೋಮನ್ ಕವಿಗಳಿಗೆ ಅಷ್ಟು ಸಾಕು. ದೇವದೂತರ ಇರವನ್ನು ಅಳೆಯುವ ಅಳತೆ ಎಂಬ 13ನೇ ಶತಮಾನದ ಅರ್ಥಕ್ಕೆ ಅಲ್ಲಿಂದ ದಾರಿಯಿಲ್ಲ. ಸುಮ್ಮಾದ ಈ ಭಾಷಾಂತರಕ್ಕೆ ನನಗೆ ಸಿಗುವುದು ಪುಟಕ್ಕೆ ನೂರೈವತ್ತು ರೂಪಾಯಿ. ಈ ಒಂದು ಪದ ನುಂಗಿದ ಸಂಜೆಗಳನ್ನು ಲೆಕ್ಕ ಹಾಕಿದರೆ ಕೂಲಿಯೂ ಗಿಟ್ಟಲಿಲ್ಲ.

ಅದಕ್ಕಿಂತ ಹೆಚ್ಚು ಕಾಡಿದ್ದು ಕೈಪಿಡಿಗಳ ಸಿದ್ಧ ವ್ಯಾಖ್ಯೆ: ನಿತ್ಯತೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ, ಕಾಲಕ್ಕೆ ಎರಡೂ ಉಂಟು, ಏವುಮ್‌ಗೆ ಆದಿಯುಂಟು, ಅಂತ್ಯವಿಲ್ಲ. ಬಾಯಿಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಇದನ್ನು ಇಟ್ಟುಕೊಂಡು 5ನೇ ವಿಭಾಗವನ್ನು ಕನ್ನಡಿಸಿದರೆ ಅರ್ಧಕ್ಕೇ ವಾದ ಕುಸಿಯುತ್ತದೆ.

ನನ್ನ ಕ್ರಮ ಹೀಗೆ. ಅಕ್ವಿನಾಸರ ಲ್ಯಾಟಿನ್ ಕೃತಿಗಳೆಲ್ಲ ಇರುವ ಜಾಲತಾಣ ಕಾರ್ಪುಸ್ ತೋಮಿಸ್ಟಿಕುಮ್‌ನಲ್ಲಿ ಪದದ ಎಲ್ಲ ವಿಭಕ್ತಿರೂಪಗಳನ್ನೂ ‘ಏವಿಟೆರ್ನುಸ್’ ಎಂಬ ವಿಶೇಷಣವನ್ನೂ ಹುಡುಕಿ, ಒಂದೊಂದು ಪ್ರಯೋಗಕ್ಕೆ ಒಂದೊಂದು ಚೀಟಿ ಬರೆದೆ. ಇನ್ನೂರರ ಆಸುಪಾಸು ಆದವು. ಪ್ರತಿ ಚೀಟಿಯಲ್ಲೂ ಮೂರು ಸಂಗತಿ: ಇಲ್ಲಿ ಅಳೆಯುತ್ತಿರುವುದು ಏನನ್ನು, ಪಕ್ಕದಲ್ಲಿ ನಿಂತಿರುವುದು ‘ಎಟೆರ್ನಿಟಾಸ್’ (ನಿತ್ಯತೆ) ಪದವೋ ‘ಟೆಂಪುಸ್’ (ಕಾಲ) ಪದವೋ, ಮಾತು ಯಾರದು. ಮೂರನೆಯದೇ ಪ್ರಾಣ. ಪೂರ್ವಪಕ್ಷವಾದರೆ (ಉತ್ತರಿಸಲೆಂದೇ ಎತ್ತಿದ ಆಕ್ಷೇಪ) ಕೆಂಪು, ಅನ್ಯರ ಮತವಾದರೆ ಹಸಿರು, ಅಕ್ವಿನಾಸರದೇ ಸಿದ್ಧಾಂತವಾದರೆ ನೀಲಿ ಗುರುತು. ಚೀಟಿಗಳನ್ನು ಯಾವ ಅನುಕ್ರಮದಲ್ಲಿ ಜೋಡಿಸಿ ಓದುತ್ತೇನೆ ಎಂಬುದನ್ನು ಸದ್ಯ ಹೇಳುವುದಿಲ್ಲ, ಅದರ ಮೇಲೆ ಇನ್ನೊಂದು ಕೆಲಸ ನಡೆದಿದೆ.

ಬಣ್ಣ ಹಚ್ಚಿದ ಕೂಡಲೇ 5ನೇ ವಿಭಾಗ ತೆರೆದುಕೊಂಡಿತು. ಕೈಪಿಡಿಗಳ ಆ ವ್ಯಾಖ್ಯೆ ಹಸಿರು ಚೀಟಿಯಲ್ಲಿತ್ತು! ‘ಕೆಲವರು ಹೀಗೆನ್ನುತ್ತಾರೆ’ ಎಂದು ಅಕ್ವಿನಾಸ್ ಅದನ್ನು ಎತ್ತಿಕೊಂಡು, ಈ ಭೇದ ಆಕಸ್ಮಿಕವಾದದ್ದು ಎಂದು ಬದಿಗಿಡುತ್ತಾರೆ. ದೇವದೂತರು ಅನಾದಿಯಾಗಿದ್ದರೂ ಏವುಮ್ ಬೇರೆಯೇ, ನಿತ್ಯತೆ ಬೇರೆಯೇ. ಎರಡನೆಯ ಮತವೂ ಹಸಿರು: ಏವುಮ್‌ನಲ್ಲಿ ಹಿಂದುಮುಂದುಗಳಿವೆ, ಆದರೆ ಹೊಸತಾಗುವುದೂ ಹಳತಾಗುವುದೂ ಇಲ್ಲ. ಇದು ತನ್ನನ್ನು ತಾನೇ ವಿರೋಧಿಸುತ್ತದೆ ಎನ್ನುತ್ತಾರೆ. ನೀಲಿ ಚೀಟಿಯ ಮಾತು ಇಷ್ಟೇ: ಕಾಲದಲ್ಲಿ ಹಿಂದುಮುಂದು ಇದೆ, ಏವುಮ್‌ನಲ್ಲಿ ತನ್ನಷ್ಟಕ್ಕೆ ಇಲ್ಲ, ಆದರೆ ಅದರ ಜೊತೆಗೆ ಕೂಡಿಬರಬಹುದು, ನಿತ್ಯತೆಯಲ್ಲಿ ಇಲ್ಲ, ಕೂಡಿಬರಲೂ ಆಗದು.

ಮೊದಲ ಪೂರ್ವಪಕ್ಷಕ್ಕೆ ಕೊಟ್ಟ ಉತ್ತರವನ್ನು ನೋಡಿ. ಒಬ್ಬನೇ ದೇವದೂತನಿಗೆ ಮೂರು ಅಳತೆಗಳು. ಅವನ ಅರಿವು, ಒಲವುಗಳು ಒಂದಾದ ಮೇಲೊಂದು ಬರುವುದರಿಂದ ಅವುಗಳಿಗೆ ಕಾಲ; ಅವನ ಸಹಜ ಇರವಿಗೆ ಏವುಮ್; ದೇವರ ಮಹಿಮೆಯನ್ನು ಕಾಣುವಲ್ಲಿ ಅವನು ನಿತ್ಯತೆಯಲ್ಲಿ ಪಾಲುದಾರ. ಏವುಮ್ ಒಬ್ಬ ವ್ಯಕ್ತಿಗೆ ಅಂಟಿದ ಅಳತೆಯಲ್ಲ, ಅವನ ಇರವಿನ ಒಂದು ಮುಖಕ್ಕೆ ಮಾತ್ರ ಸಂಬಂಧಿಸಿದ್ದು. ‘ಏನನ್ನು ಅಳೆಯುತ್ತಿದೆ’ ಎಂದು ಪ್ರತಿ ಚೀಟಿಯಲ್ಲೂ ಬರೆದಿರದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಆ ಎರಡನೆಯ ಮತ ಯಾರದೆಂದು ಹುಡುಕುತ್ತಾ ಅಕ್ವಿನಾಸರ ಸಮಕಾಲೀನ ದೇವತಾಶಾಸ್ತ್ರಜ್ಞ ಬೊನವೆಂತುರರ ಕಡೆಗೂ ಹೋಗಿ ಬಂದೆ. ಮಧ್ಯಯುಗದ ದೇವತಾಶಾಸ್ತ್ರದ ಪಠ್ಯವಾಗಿದ್ದ ಪೀಟರ್ ಲೊಂಬಾರ್ಡರ ‘ಸೆಂಟೆನ್ಸ್’ಗಳ ಎರಡನೇ ಸಂಪುಟಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವರದೊಂದು ಸೊಗಸಾದ ಉಪಮೆಯಿದೆ. ಬುಗ್ಗೆಯಿಂದ ಹೊರಡುವ ತೊರೆಯಲ್ಲಿ ಸದಾ ಹೊಸ ನೀರು. ಸೂರ್ಯನಿಂದ ಹೊರಡುವ ಕಿರಣ ಹೊಸದಲ್ಲ, ಹೊರಟದ್ದೇ ಮುಂದುವರಿಯುತ್ತದೆ. ಏವುಮ್ ಕಿರಣದ ಜಾತಿಯದು. ಅಕ್ವಿನಾಸರ ಖಂಡನೆ ತರ್ಕದಲ್ಲಿ ಗಟ್ಟಿ, ಒಪ್ಪುತ್ತೇನೆ. ಆದರೂ ಸೃಷ್ಟಿಯಾದದ್ದು ಪ್ರತಿಕ್ಷಣವೂ ದೇವರಿಂದಲೇ ಉಳಿದಿದೆ ಎಂಬುದನ್ನು ಬೊನವೆಂತುರರ ಕಿರಣ ಹೇಳಿದಷ್ಟು ಚೆನ್ನಾಗಿ ಇನ್ನಾವುದೂ ಹೇಳಿಲ್ಲ.

ಕನ್ನಡದ ಪದಗಳನ್ನೂ ಒರೆಗೆ ಹಚ್ಚಿದೆ. ಯುಗ, ಕಲ್ಪ ಎಂದರೆ ಮುಗಿದು ಮತ್ತೆ ಬರುವ ಚಕ್ರ ನುಸುಳುತ್ತದೆ. ‘ಚಿರಂತನ’ ನಿತ್ಯತೆಗೆ ತೀರ ಹತ್ತಿರ. ಏವುಮ್‌ಗೂ ಸಂಸ್ಕೃತದ ‘ಆಯುಸ್’ಗೂ ಮೂಲ ಒಂದೇ ಎಂದು ‘ಆಯುಸ್ಸು’ ಹಾಕಿ ನೋಡಿದೆ. ದೇವದೂತನಿಗೆ ಸಾವಿನ ದಿನ ಗೊತ್ತುಮಾಡಿದಂತಾಯಿತು. ಕೊನೆಗೆ ‘ಏವುಮ್’ ಎಂದೇ ಉಳಿಸಿಕೊಂಡೆ. ಇದೇ ಚೀಟಿಕ್ರಮವನ್ನು 6ನೇ ಶತಮಾನದ ರೋಮನ್ ತತ್ವಜ್ಞಾನಿ ಬೊಯೆಥಿಯಸ್‌ನ ‘ಪೆರ್ಪೆಟುವುಸ್’ (ಕೊನೆಯಿಲ್ಲದೆ ಸಾಗುವಂಥದ್ದು) ಪದಕ್ಕೂ ಹಚ್ಚಿದೆ. ದೇವರು ನಿತ್ಯ, ಜಗತ್ತು ಪೆರ್ಪೆಟುವುಸ್ ಎಂಬ ಅವನ ವಿಂಗಡಣೆ ಒಂದೇ ವಾರಾಂತ್ಯದಲ್ಲಿ ಸ್ಪಷ್ಟವಾಯಿತು.

ಈಗ 6ನೇ ವಿಭಾಗದಲ್ಲಿದ್ದೇನೆ: ಏವುಮ್ ಒಂದೋ, ಹಲವೋ? ಒಂದೇ ಎಂಬ ಉತ್ತರ ನೀಲಿ ಚೀಟಿಯಲ್ಲೇ ಇದೆ. ಆದರೆ ಅದರೊಳಗೆ ‘ಆಡ್ ಪ್ರೇಸೆನ್ಸ್’ ಎಂಬ ಎರಡು ಪದಗಳಿವೆ: ‘ಸದ್ಯಕ್ಕೆ ಒಂದೇ ಎಂದು ಒಪ್ಪುತ್ತೇವೆ’. ನಾನು ನೋಡಿದ ಸಾರಾಂಶಗಳು ಈ ‘ಸದ್ಯಕ್ಕೆ’ಯನ್ನು ನುಂಗಿಬಿಟ್ಟಿವೆ. ನನ್ನ ಕರಡಿನಲ್ಲಿ ಅದು ಇರುತ್ತದೆ.