ಕೆರೆ ಪಕ್ಕದ ಸೈಟು: ನಾನು ನೋಡಿ ತಗೊಂಡಿದ್ದು ಹೀಗೆ

ಬೆಂಗಳೂರಿನ ಉತ್ತರದಲ್ಲಿ, ಜಕ್ಕೂರು ಕೆರೆ ಆಸುಪಾಸಿನಲ್ಲೇ ಮನೆ ಕಟ್ಟಬೇಕು ಅನ್ನೋದು ನನ್ನ ಆಸೆ. ಸೈಟು ತೋರಿಸಿದವರೆಲ್ಲ ಕೆರೆ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತಲೇ ಹೇಳುತ್ತಿದ್ದರು. ನಾನು ಕೇಳುತ್ತಿದ್ದದ್ದು ಒಂದೇ: ಜೋರು ಮಳೆ ಬಂದರೆ ನೀರು ಯಾವ ಕಡೆ ಹೋಗುತ್ತದೆ?

ನಮ್ಮ ಕೆರೆಗಳು ಸಾಲಾಗಿ ಇರುವಂಥವು. ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಕೆಳಗಿನದಕ್ಕೆ ಹೋಗುತ್ತದೆ. ಜಕ್ಕೂರಿನ ನೀರು ರಾಚೇನಹಳ್ಳಿ ಕೆರೆಗೆ. ಏರಿಯ ಕೆಳಗಿನ ಜಾಗ ಸಾಮಾನ್ಯವಾಗಿ ಹಳೇ ಅಚ್ಚುಕಟ್ಟು, ತೂಬಿನ ನೀರಲ್ಲಿ ಭತ್ತ ಬೆಳೆದ ಗದ್ದೆ. ಅಂಥ ಜಾಗದಲ್ಲಿ ಈಗ ಲೇಔಟುಗಳಿವೆ. ರೇಟು ಕಡಿಮೆ ಇದ್ದರೂ ಕೋಡಿ ದಾರಿಯಲ್ಲಿದ್ದ ಸೈಟುಗಳನ್ನೆಲ್ಲ ಬಿಟ್ಟೆ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಮಳೆ ನೀರು ನುಗ್ಗಿ, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಕರೆತಂದದ್ದು ನೆನಪಿದೆ ಅಲ್ವಾ?

ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಖಾತಾ ಎಲ್ಲರೂ ನೋಡುತ್ತಾರೆ. ಅವು ನೀರಿನ ವಿಷಯ ಹೇಳುವುದಿಲ್ಲ. ನಾನು ಸೈಟಿನಲ್ಲೇ ನಿಂತು ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ಆ್ಯಪ್) ತೆಗೆದು ಸರ್ವೆ ನಂಬರ್ ನೋಡುತ್ತಿದ್ದೆ. ಆಮೇಲೆ ಅದೇ ನಂಬರನ್ನು ಹಳೇ ಗ್ರಾಮ ನಕ್ಷೆಯಲ್ಲಿ ಹುಡುಕುತ್ತಿದ್ದೆ. ನಕ್ಷೆಯಲ್ಲಿ ಹಳ್ಳದ ಗೆರೆ ಇರುತ್ತದೆ, ನೆಲದ ಮೇಲೆ ಟಾರು ರಸ್ತೆ! ಹೀಗೆ ಒಂದು ಒಳ್ಳೇ ಸೈಟು ಕೈಬಿಟ್ಟೆ. ಹಳ್ಳ ಕಾಣದಿದ್ದರೂ ಇಳಿಜಾರು ಎಲ್ಲಿಗೆ ಹೋದೀತು?

ಬಫರ್, ಅಂದರೆ ಕೆರೆ ಸುತ್ತ ಏನೂ ಕಟ್ಟದೆ ಬಿಡಬೇಕಾದ ಜಾಗದ ಲೆಕ್ಕ, ಪದೇ ಪದೇ ಬದಲಾಗಿದೆ. 2016ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಕೆರೆಯಿಂದ 75 ಮೀಟರ್ ಬಿಡಬೇಕು ಅಂದಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಾನಂತೂ 75ಕ್ಕಿಂತ ಒಳಗೆ ಹೋಗಲೇ ಇಲ್ಲ. ಅಷ್ಟು ಜಾಗ ಕೆರೆಗೆ ಬೇಕೇ ಬೇಕು ಅನ್ನೋದು ನನ್ನ ನಂಬಿಕೆ.

ಕಾಗದಕ್ಕಿಂತ ಜಾಸ್ತಿ ಉಪಯೋಗವಾದದ್ದು ಊರಿನ ಹಳಬರ ಮಾತು. ಯಾವ ವರ್ಷ ಕೋಡಿ ಬಿತ್ತು, ನೀರು ಎಲ್ಲಿವರೆಗೆ ಬಂತು ಅಂತ ಕೇಳಿದರೆ ಕೈ ತೋರಿಸಿ ಹೇಳುತ್ತಾರೆ. "ಅಲ್ಲಿ ಬೇಡ ಕಣಪ್ಪ, ಅಲ್ಲಿ ನಾವು ಎಮ್ಮೆ ತೊಳೀತಿದ್ವಿ" ಅಂದರು ಹಾಲು ಮಾರುವ ಅಜ್ಜ ಒಬ್ಬರು. ಆ ಸೈಟಿನ ಮಾತುಕತೆ ಅಲ್ಲಿಗೇ ಮುಗಿಯಿತು.

ಬೇಸಿಗೆಯಲ್ಲೂ ಹೋಗಿ ನೋಡಿ, ಸಂಜೆ ಹೊತ್ತು. ವಾಸನೆ, ಸೊಳ್ಳೆ ಎರಡೂ ಆಗಲೇ ಗೊತ್ತಾಗೋದು. ಜಕ್ಕೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಜೊಂಡಿನ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ಅದಕ್ಕೇ ಬೇಸಿಗೆಯಲ್ಲೂ ನೀರಿರುತ್ತದೆ.

ಕೊನೆಗೆ ಕೆರೆಯ ಮೇಲ್ಭಾಗದ ದಿಣ್ಣೆಯಲ್ಲಿ ಸೈಟು ತಗೊಂಡೆ. ಪಾಯ ರಸ್ತೆಗಿಂತ ಮೂರಡಿ ಎತ್ತರ ಇಡಿಸಿದೆ. ಬೇಸ್‌ಮೆಂಟ್ ಮಾತ್ರ ಬೇಡವೇ ಬೇಡ ಅಂದೆ.